ಶಿಕ್ಷೆ ಮುಗಿದ ಮೇಲೆ ರಂಗದ ಬೆಳಕು

ಸಂಘಟಕರು ನನಗೆ ಕೊಟ್ಟ ಪ್ರಶ್ನೆ ನೇರವಾಗಿದೆ. ಅಪರಾಧ ಸಾಬೀತಾಗಿ ಶಿಕ್ಷೆ ಅನುಭವಿಸಿದ ನಟ, ಗಾಯಕ, ನರ್ತಕನಿಗೆ ಎರಡನೇ ಅವಕಾಶ ಸಲ್ಲಬೇಕೆ? ಸಲ್ಲಬೇಕು ಎಂಬುದೇ ನನ್ನ ಉತ್ತರ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಬಚ್ಚಿಟ್ಟುಕೊಂಡು ನಿಮ್ಮನ್ನು ಕಾಯಿಸುವುದಿಲ್ಲ. ಆದರೆ ಈ 'ಸಲ್ಲಬೇಕು' ಎಂಬ ಮಾತನ್ನು ಬಾಯಲ್ಲಿ ಹೇಳಿದಷ್ಟು ಸುಲಭವಾಗಿ ಮಾಡಿ ತೋರಿಸಲಾಗದು ಎಂಬುದನ್ನು ನಾಟಕ ಆಡಿಸುತ್ತಾ ಕಲಿತಿದ್ದೇನೆ. ಇವತ್ತು ನಾನು ಮಾತಾಡುವುದು ಆ ಕಷ್ಟದ ಬಗ್ಗೆ.

ಒಬ್ಬ ಬಡಗಿಯನ್ನು ನೆನೆಸಿಕೊಳ್ಳಿ. ಐದು ವರ್ಷ ಜೈಲಿನಲ್ಲಿದ್ದು ಹೊರಗೆ ಬಂದಿದ್ದಾನೆ. ಅವನು ಒಂದು ಕುರ್ಚಿ ಮಾಡುತ್ತಾನೆ. ಕೊಂಡವರು ಕುರ್ಚಿಯ ಕಾಲು ಅಲುಗಾಡುತ್ತದೆಯೇ ಎಂದು ನೋಡುತ್ತಾರೆ, ಮಾಡಿದವನ ಮುಖ ನೋಡುವುದಿಲ್ಲ. ಅವನು ಯಾರಿಗೆ ನೋವು ಮಾಡಿದ್ದನೋ ಅವರ ಮನೆಗೇ ಆ ಕುರ್ಚಿ ಹೋದರೂ ಅವರಿಗೆ ಗೊತ್ತಾಗುವುದಿಲ್ಲ. ಅವನಿಗೆ ಸಿಗುವ ಎರಡನೇ ಅವಕಾಶ ಎಂದರೆ ಮರೆ. ಜನ ತನ್ನನ್ನು ಗುರುತಿಸದೆ ಇರುವ ಸುಖ.

ಕಾನೂನು ಕೂಡ ಎರಡನೇ ಅವಕಾಶವನ್ನು ಹೀಗೆಯೇ ಅರ್ಥ ಮಾಡಿಕೊಂಡಿದೆ. ಬ್ರಿಟನ್ 1974ರಲ್ಲಿ ಒಂದು ಕಾಯ್ದೆ ತಂದಿತು. ಶಿಕ್ಷೆ ಮುಗಿಸಿದವನು ಗೊತ್ತಾದ ಅವಧಿಯವರೆಗೆ ಮತ್ತೆ ತಪ್ಪು ಮಾಡದಿದ್ದರೆ ಹಳೆಯ ಅಪರಾಧ ತೀರಿಹೋಯಿತು ಎಂದು ಲೆಕ್ಕ. ತೀರಾ ದೊಡ್ಡ ಶಿಕ್ಷೆಗಳಿಗೂ ಕೆಲವು ಸೂಕ್ಷ್ಮ ಉದ್ಯೋಗಗಳಿಗೂ ಅದು ಅನ್ವಯಿಸದು, ಉಳಿದೆಡೆ ಕೆಲಸ ಕೇಳುವಾಗ ಆ ಅಪರಾಧವನ್ನು ಹೇಳಿಕೊಳ್ಳಬೇಕಾಗಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತ್ತು. 1969ರಲ್ಲಿ ಲೇಬಾಖ್ ಎಂಬಲ್ಲಿ ಸೇನೆಯ ಮದ್ದುಗುಂಡಿನ ಉಗ್ರಾಣಕ್ಕೆ ನುಗ್ಗಿದವರು ನಾಲ್ವರು ಸೈನಿಕರನ್ನು ಕೊಂದಿದ್ದರು. ಆ ಕೃತ್ಯಕ್ಕೆ ನೆರವಾದವನೊಬ್ಬ ಆರು ವರ್ಷದ ಶಿಕ್ಷೆ ಅನುಭವಿಸುತ್ತಾ ಬಿಡುಗಡೆಯ ಹೊಸ್ತಿಲಲ್ಲಿದ್ದ. ಆ ಹೊತ್ತಿಗೆ ಸರಿಯಾಗಿ ಟಿವಿಯವರು ಅವನ ಹೆಸರು, ಚಿತ್ರ ಎಲ್ಲ ಬಳಸಿ ಆ ಘಟನೆಯನ್ನೇ ನಾಟಕ ಮಾಡಿ ತೋರಿಸಲು ಹೊರಟರು. ನ್ಯಾಯಾಲಯ ತಡೆಯಿತು. ಈ ಮನುಷ್ಯ ಮತ್ತೆ ಸಮಾಜದೊಳಗೆ ಬೇರುಬಿಡಬೇಕಾದರೆ ಅವನನ್ನು ಅವನ ಪಾಡಿಗೆ ಬಿಡಬೇಕು ಎಂಬುದು ಅದರ ತಿರುಳು. ನನಗೆ ಆ ತೀರ್ಪಿನ ಬಗ್ಗೆ ತುಂಬಾ ಗೌರವವಿದೆ.

ಈಗ ನಮ್ಮವರ ವಿಷಯಕ್ಕೆ ಬನ್ನಿ. ನಟನನ್ನು ಅವನ ಪಾಡಿಗೆ ಬಿಟ್ಟರೆ ಅವನಿಗೆ ಕೆಲಸವೇ ಇಲ್ಲ. ಅವನ ಮರ, ಉಳಿ, ಕುರ್ಚಿ ಎಲ್ಲವೂ ಅವನ ಮೈ, ಅವನ ದನಿ, ಅವನ ಮುಖ. ಜನ ನೋಡಿದರೆ ಮಾತ್ರ ಅದು ಕೆಲಸ. ಬಡಗಿಯ ಎರಡನೇ ಅವಕಾಶ ಮರೆಯಲ್ಲಿದೆ, ಕಲಾವಿದನದು ಬೆಳಕಿನಲ್ಲಿದೆ. ಆ ಬೆಳಕು ಅವನಿಂದ ನೊಂದವರ ಕಣ್ಣಿಗೂ ಬೀಳುತ್ತದೆ. ಇಷ್ಟು ದಿನ ಈ ಚರ್ಚೆಯಲ್ಲಿ ನಾವು ಎಡವುತ್ತಿರುವುದು ಇಲ್ಲಿ ಎಂದು ನನಗನಿಸುತ್ತದೆ. ಒಂದು ಕಡೆಯವರು ಬಡಗಿಯ ನ್ಯಾಯವನ್ನು ನಟನಿಗೂ ಹಾಗೇ ಹಚ್ಚುತ್ತಾರೆ. ಇನ್ನೊಂದು ಕಡೆಯವರು ನಟನ ಮೇಲಿನ ಸಿಟ್ಟಿನಲ್ಲಿ ಬಡಗಿಗಿರುವಷ್ಟು ಹಕ್ಕೂ ಅವನಿಗಿಲ್ಲ ಅನ್ನುತ್ತಾರೆ.

ರಂಗ ಮನುಷ್ಯನನ್ನು ಎಷ್ಟು ದೂರ ತರಬಲ್ಲದು ಎಂಬುದಕ್ಕೆ ನನಗೆ ಸದಾ ನೆನಪಾಗುವುದು ಅಮೆರಿಕದ ಸ್ಯಾನ್ ಕ್ವೆಂಟಿನ್ ಜೈಲು. 1957ರ ನವೆಂಬರಿನಲ್ಲಿ ಒಂದು ನಾಟಕ ತಂಡ ಅಲ್ಲಿಗೆ ಹೋಗಿ ಸ್ಯಾಮ್ಯುಯೆಲ್ ಬೆಕೆಟ್ ಅವರ ನಾಟಕ ಆಡಿತು. ಬಾರದವನಿಗಾಗಿ ಇಬ್ಬರು ಕಾಯುತ್ತಲೇ ಇರುವ ಆ ನಾಟಕ ನಿಮಗೆಲ್ಲ ಗೊತ್ತಿದೆ. ಹೊರಗಿನ ವಿದ್ಯಾವಂತ ಪ್ರೇಕ್ಷಕರು ತಲೆಬುಡ ತಿಳಿಯದೆ ಎದ್ದುಹೋಗುತ್ತಿದ್ದ ಕಾಲ ಅದು. ಸುಮಾರು 1400 ಕೈದಿಗಳು ಕೂತು ನೋಡಿದರು. ಅವರಿಗೆ ಯಾರೂ ವ್ಯಾಖ್ಯಾನ ಮಾಡಬೇಕಾಗಲಿಲ್ಲ, ಕಾಯುವುದು ಎಂದರೇನು ಎಂದು ಅವರಿಗೆ ಗೊತ್ತಿತ್ತು. ಆ ರಾತ್ರಿ ರಿಕ್ ಕ್ಲೂಚಿ ಎಂಬ ಕೈದಿಗೆ ನೋಡಲು ಬಿಡಲಿಲ್ಲ. ದರೋಡೆ, ಅಪಹರಣದ ಅಪರಾಧಕ್ಕೆ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯಲ್ಲಿದ್ದವನು. ತನ್ನ ಕೋಣೆಯಲ್ಲೇ ಕೂತು ಧ್ವನಿವರ್ಧಕದಿಂದ ಬಂದ ಮಾತುಗಳನ್ನು ಕೇಳಿಸಿಕೊಂಡ. ಆಮೇಲೆ ಅದೇ ಜೈಲಿನೊಳಗೆ ಕೈದಿಗಳದೇ ಒಂದು ನಾಟಕ ತಂಡ ಕಟ್ಟಿಕೊಂಡ. 1966ರಲ್ಲಿ ರಾಜ್ಯಪಾಲರು ಅವನ ಶಿಕ್ಷೆ ಇಳಿಸಿದರು, ಬಿಡುಗಡೆಯಾಯಿತು. 1977ರಲ್ಲಿ ಬರ್ಲಿನ್‌ನಲ್ಲಿ ಬೆಕೆಟ್ ಅವನನ್ನು ತಾವೇ ನಿರ್ದೇಶಿಸುತ್ತಿದ್ದರು. ಗೋಡೆಯಾಚೆಯಿಂದ ಬರೀ ಕಿವಿಯಲ್ಲಿ ನಾಟಕ ನೋಡಿದವನು ಅದನ್ನು ಬರೆದವರ ಎದುರೇ ನಿಂತ. ಇದನ್ನು ಹೇಳುವಾಗಲೆಲ್ಲ ನನ್ನ ಗಂಟಲು ಸ್ವಲ್ಪ ಕಟ್ಟುತ್ತದೆ.

ಅದೇ ಜೈಲಿನಲ್ಲಿದ್ದ ಇನ್ನೊಬ್ಬ ಮರ್ಲ್ ಹ್ಯಾಗಾರ್ಡ್. ಹುಡುಗುತನದಿಂದಲೇ ಕಳ್ಳತನ, ಜೈಲು, ಪರಾರಿ. ಹೊರಬಂದು ಹಾಡುಗಾರನಾಗಿ ಹೆಸರು ಮಾಡಿದ ಮೇಲೆ, 1972ರಲ್ಲಿ ಆಗ ಕ್ಯಾಲಿಫೋರ್ನಿಯಾದ ರಾಜ್ಯಪಾಲರಾಗಿದ್ದ ರೊನಾಲ್ಡ್ ರೇಗನ್ ಅವರಿಂದ ಪೂರ್ಣ ಕ್ಷಮಾದಾನ ಸಿಕ್ಕಿತು.

ಇವು ಎಲ್ಲರೂ ಒಪ್ಪುವ ಕಥೆಗಳು. ಯಾಕೆ ಒಪ್ಪುತ್ತೇವೆ ಎಂದು ಒಂದು ಕ್ಷಣ ಯೋಚಿಸಿ. ಕಷ್ಟದಿಂದ ಮೇಲೆದ್ದು ಬಂದವರು ಎಂಬುದು ಒಂದು. ಕಳುವಾದ ವಸ್ತುವಿಗೆ ಬೆಲೆ ಕಟ್ಟಬಹುದು ಎಂಬುದು ಇನ್ನೊಂದು. ಮೂರನೆಯದು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ: ಅವರಿಂದ ನೊಂದವರ ಮುಖ ನಮಗೆ ಗೊತ್ತಿಲ್ಲ. ಕ್ಲೂಚಿಯ ಕಥೆ ಹೇಳುವಾಗ ಅವನು ಅಪಹರಿಸಿದ ಮನುಷ್ಯನ ಬಗ್ಗೆ ನಾನೂ ಒಂದು ಮಾತು ಹೇಳಲಿಲ್ಲ, ನೀವೂ ಕೇಳಲಿಲ್ಲ.

ರಾಬರ್ಟ್ ಡೌನಿ ಜೂನಿಯರ್ ಹೆಸರನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ, ಹಾಗಾಗಿ ನಾನೇ ಎತ್ತುತ್ತೇನೆ. ಮಾದಕ ವಸ್ತುಗಳ ಪ್ರಕರಣಗಳಲ್ಲಿ ಸಿಕ್ಕಿ 1999ರಲ್ಲಿ ಜೈಲಿಗೆ ಹೋದ ನಟ. ಬಿಡುಗಡೆಯಾದ ಮೇಲೆ ಅವನನ್ನು ಹಾಕಿಕೊಳ್ಳಲು ಮನಸ್ಸಿದ್ದ ನಿರ್ಮಾಪಕರಿಗೂ ವಿಮೆ ಸಿಗುತ್ತಿರಲಿಲ್ಲ. ಚಿತ್ರೀಕರಣದ ನಡುವೆ ಇವನು ಮತ್ತೆ ಬಿದ್ದರೆ ನಷ್ಟ ಯಾರ ತಲೆಗೆ? ಕಡೆಗೆ 2003ರ ಒಂದು ಚಿತ್ರಕ್ಕೆ ಗೆಳೆಯ ಮೆಲ್ ಗಿಬ್ಸನ್ ತಾನೇ ಆ ಹೊಣೆಯ ಹಣ ತುಂಬಿದ. 2015ರಲ್ಲಿ ಕ್ಷಮಾದಾನ, 2024ರಲ್ಲಿ ಆಸ್ಕರ್. ಒಳ್ಳೆಯ ಕಥೆ, ನನಗೂ ಇಷ್ಟ. ಆದರೆ ಅವನು ಹಾಳು ಮಾಡಿಕೊಂಡದ್ದು ಬಹುಪಾಲು ತನ್ನನ್ನೇ. ವ್ಯಸನವನ್ನು ಗೆದ್ದವನ ಕಥೆಯನ್ನು ತಂದು ಇನ್ನೊಬ್ಬರ ಮೈಮೇಲೆ ಕೈ ಮಾಡಿದವನ ಪರವಾಗಿ ಸಾಕ್ಷಿ ಹೇಳಿಸುವುದು ತಪ್ಪು. ದಯವಿಟ್ಟು ಅದನ್ನು ನಿಲ್ಲಿಸೋಣ. ಇನ್ನೂ ಒಂದು ಮಾತು: ಡೌನಿಗೆ ಹಣ ತುಂಬುವ ಗೆಳೆಯನಿದ್ದ. ಸಾಲಿನ ಕೊನೆಯಲ್ಲಿ ಕುಣಿಯುವ ಹುಡುಗನೊಬ್ಬ ಜೈಲಿನಿಂದ ಬಂದರೆ ಅವನ ಪರವಾಗಿ ಯಾರು ತುಂಬುತ್ತಾರೆ? ಎರಡನೇ ಅವಕಾಶದ ಬಗ್ಗೆ ನಾವು ಆಡುವ ಮಾತೆಲ್ಲ ಹೆಸರಿದ್ದವರ ಸುತ್ತಲೇ ಸುತ್ತುತ್ತದೆ. ನಾವು ಕೊಡಲಿ ಬಿಡಲಿ, ಮಾರುಕಟ್ಟೆ ಅವರಿಗೆ ಕೊಟ್ಟೇ ಕೊಡುತ್ತದೆ. ನಮ್ಮ ತೀರ್ಮಾನದ ಮೇಲೆ ಅನ್ನ ನಿಂತಿರುವುದು ಹೆಸರಿಲ್ಲದವರದು.

ಈಗ ನಿಜವಾಗಿಯೂ ಕಷ್ಟವಾದ ಒಂದು ಪ್ರಸಂಗ. ಫ್ರಾನ್ಸಿನಲ್ಲಿ ಬೆರ್ತ್ರಾಂ ಕಾಂತಾ ಎಂಬ ಗಾಯಕ, ತುಂಬಾ ದೊಡ್ಡ ರಾಕ್ ತಂಡದ ದನಿ. 2003ರ ಬೇಸಿಗೆಯಲ್ಲಿ ಲಿಥುವೇನಿಯಾದ ವಿಲ್ನಿಯಸ್ ನಗರದ ಹೋಟೆಲಿನಲ್ಲಿ ತನ್ನ ಸಂಗಾತಿ, ನಟಿ ಮರೀ ತ್ರಾಂತಿನ್ಯಾಂ ಅವರನ್ನು ಹೊಡೆದ. ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. 41 ವರ್ಷ. ಅಲ್ಲಿನ ನ್ಯಾಯಾಲಯ 8 ವರ್ಷ ಶಿಕ್ಷೆ ಕೊಟ್ಟಿತು. ಅರ್ಧ ಕಳೆದ ಮೇಲೆ, 2007ರಲ್ಲಿ, ಷರತ್ತಿನ ಮೇಲೆ ಬಿಡುಗಡೆ. ಆಮೇಲೆ ಷರತ್ತಿನ ಅವಧಿಯೂ ಮುಗಿಯಿತು. ಕಾನೂನಿನ ಪುಸ್ತಕದಲ್ಲಿ ಅವನ ಲೆಕ್ಕ ಚುಕ್ತಾ.

2011ರಲ್ಲಿ ಒಬ್ಬ ಹೆಸರಾಂತ ನಿರ್ದೇಶಕರು ಗ್ರೀಕ್ ದುರಂತ ನಾಟಕಗಳಿಗೆ ಅವನಿಂದ ಸಂಗೀತ ಮಾಡಿಸಿ, ಮೇಳದಲ್ಲಿ ಹಾಡಿಸಲು ನಿಶ್ಚಯಿಸಿದರು. ಅವಿಞಾನ್ ನಾಟಕೋತ್ಸವದಲ್ಲೂ ಪ್ರದರ್ಶನ ಗೊತ್ತಾಗಿತ್ತು. ಅದೇ ಉತ್ಸವದಲ್ಲಿ ಕಾವ್ಯ ಓದಲು ಒಪ್ಪಿದ್ದವರು ಝಾಂ ಲೂಯಿ ತ್ರಾಂತಿನ್ಯಾಂ. ಫ್ರೆಂಚ್ ಚಿತ್ರರಂಗದ ಹಿರಿಯ ನಟ, ತೀರಿಕೊಂಡ ಮರೀ ಅವರ ತಂದೆ. ಅವರು ತಮ್ಮ ಕಾರ್ಯಕ್ರಮ ರದ್ದು ಮಾಡಿದರು. ಆಮೇಲೆ ಕಾಂತಾ ಅವಿಞಾನ್‌ಗೆ ಬರುವುದಿಲ್ಲ ಎಂದಾಯಿತು.

ಇದನ್ನು ಮೊದಲು ಓದಿದಾಗ ನಾನು ನಿರ್ದೇಶಕರ ಪರ ಇದ್ದೆ. ಶಿಕ್ಷೆ ಮುಗಿಸಿದವನನ್ನು ಮತ್ತೆ ಮತ್ತೆ ಶಿಕ್ಷಿಸುವುದು ಸರಿಯಲ್ಲ, ತಪ್ಪು ಮಾಡಿದ ಮನುಷ್ಯ ಏನಾಗುತ್ತಾನೆ ಎಂದು ಕೇಳುವ ಗ್ರೀಕ್ ನಾಟಕಗಳಲ್ಲೂ ಅವನಿಗೆ ಜಾಗವಿಲ್ಲದಿದ್ದರೆ ಇನ್ನೆಲ್ಲಿದೆ ಎಂದು ವಾದಿಸಿದ್ದೆ. ಸ್ನೇಹಿತರೊಡನೆ ಜಗಳವನ್ನೂ ಆಡಿದ್ದೆ. ವರ್ಷಗಳು ಕಳೆದಂತೆ ನನ್ನನ್ನು ಕಾಡಿದ್ದು ಬೇರೆ ಚಿತ್ರ. ಎಂಬತ್ತು ದಾಟಿದ ಮುದುಕ, ಜೀವಮಾನವಿಡೀ ರಂಗದ ಮೇಲಿದ್ದವರು. ಮಗಳನ್ನು ಕಳೆದುಕೊಂಡರು. ಈಗ ಒಂದೇ ಉತ್ಸವದ ಪಟ್ಟಿಯಲ್ಲಿ ತಮ್ಮ ಹೆಸರಿನ ಜೊತೆ ಆ ಹೆಸರು. ಇಬ್ಬರಲ್ಲಿ ಒಬ್ಬರು ಜಾಗ ಬಿಡಬೇಕು ಎಂದಾಗ ಮೊದಲು ಎದ್ದುಹೋದವರು ತಂದೆ. ಎರಡನೇ ಅವಕಾಶವನ್ನು ನಾವು ಕೊಟ್ಟೆವು ಅಂದುಕೊಳ್ಳುತ್ತೇವೆ. ಅದರ ಬೆಲೆ ತೆತ್ತವರು ಅವರು, ಮತ್ತೊಮ್ಮೆ. 'ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ' ಅನ್ನುತ್ತಾರಲ್ಲ, ಕೊಯ್ದವನ ಶಾಂತಿಯ ಬಗ್ಗೆ ಇಷ್ಟು ಚಿಂತಿಸುವ ನಾವು ಮೂಗು ಕಳೆದುಕೊಂಡವರನ್ನು ಒಂದು ಮಾತು ಕೇಳಿರಲಿಲ್ಲ. ಮರೀ ಕೂಡ ರಂಗದವರೇ. ಅವರ ಎರಡನೇ ಅವಕಾಶದ ಬಗ್ಗೆ ಮಾತಾಡಲು ಅವರೇ ಇಲ್ಲ.

2018ರಲ್ಲಿ ಅವನು ಮತ್ತೆ ಊರೂರು ಹಾಡಲು ಹೊರಟಾಗ ವಿರೋಧ ಎದ್ದಿತು, ಬೇಸಿಗೆಯ ಉತ್ಸವಗಳಿಂದ ಹಿಂದೆ ಸರಿದ. ಹಾಡಬಾರದಿತ್ತೇ? ಹಾಡುವ ಹಕ್ಕನ್ನು ಕಾನೂನು ಕಿತ್ತುಕೊಳ್ಳಬೇಕು ಎಂದು ನಾನು ಈಗಲೂ ಹೇಳುವುದಿಲ್ಲ. ಬೇಕಾದವರು ಹಣ ಕೊಟ್ಟು ಹೋಗಿ ಕೇಳುವ ಸಭಾಂಗಣ ಬೇರೆ, ಊರಿಗೆ ಊರೇ ಸೇರುವ ಉತ್ಸವದ ಗೌರವದ ವೇದಿಕೆ ಬೇರೆ. ಕೆಲಸಕ್ಕೆ ಅವನಿಗೆ ಹಕ್ಕಿದೆ. ಪಟ್ಟಿಯ ತಲೆಯಲ್ಲಿ ಹೆಸರು, ಪತ್ರಿಕೆಯ ಮುಖಪುಟ, ಪ್ರಶಸ್ತಿ, ಇವು ಯಾರ ಹಕ್ಕೂ ಅಲ್ಲ. ಜೈಲಿನ ಬಾಗಿಲನ್ನೇ ನೋಡದ ಸಾವಿರ ಕಲಾವಿದರಿಗೆ ಅವು ಸಿಕ್ಕಿಲ್ಲ. ಹಾಗಿರುವಾಗ ಅವನ್ನು ಕೊಡದೆ ಇರುವುದನ್ನು ಶಿಕ್ಷೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ನೊಂದವರನ್ನು ಕೇಳಿ ತೀರ್ಮಾನಿಸೋಣ ಅನ್ನುತ್ತೀರಿ. ಅದೂ ಸುಲಭವಲ್ಲ. ಮಾರ್ಕ್ ವಾಲ್‌ಬರ್ಗ್ ಎಂಬ ನಟ 1988ರಲ್ಲಿ, 16 ವರ್ಷದವನಿದ್ದಾಗ, ಬಾಸ್ಟನ್‌ನಲ್ಲಿ ಇಬ್ಬರು ವಿಯೆಟ್ನಾಮೀ ಮೂಲದವರ ಮೇಲೆ ಹಲ್ಲೆ ಮಾಡಿದ್ದ. ಜೈಲಿನಲ್ಲಿ ಕಳೆದದ್ದು 45 ದಿನ. ಅದಕ್ಕೂ ಎರಡು ವರ್ಷ ಮೊದಲು ಕಪ್ಪು ಮಕ್ಕಳನ್ನು ಗೆಳೆಯರ ಜೊತೆ ಕಲ್ಲು ಹೊಡೆದು ಅಟ್ಟಾಡಿಸಿದ್ದ. 2014ರಲ್ಲಿ, ದೊಡ್ಡ ತಾರೆಯಾದ ಮೇಲೆ, ಹಳೆಯ ಅಪರಾಧಕ್ಕೆ ಅಧಿಕೃತ ಕ್ಷಮಾದಾನ ಕೋರಿ ಅರ್ಜಿ ಹಾಕಿದ. ಹಳೆಯ ದಾಖಲೆಯಿಂದ ವ್ಯಾಪಾರದ ಪರವಾನಗಿಗೆ ತೊಡಕಾಗಬಹುದು ಎಂಬುದೂ ಅರ್ಜಿಯಲ್ಲಿ ಒಂದು ಕಾರಣವಾಗಿತ್ತು. ಪತ್ರಕರ್ತರು ನೊಂದವರನ್ನು ಹುಡುಕಿಕೊಂಡು ಹೋದರು. ಹೊಡೆಸಿಕೊಂಡ ಇಬ್ಬರಲ್ಲಿ ಒಬ್ಬರು ಕ್ಷಮಿಸುತ್ತೇನೆ ಎಂದರು. ಅಂದು ಕಲ್ಲಿಗೆ ಹೆದರಿ ಓಡಿದ ಮಕ್ಕಳಲ್ಲಿ ಒಬ್ಬಾಕೆ ಬೆಳೆದು ದೊಡ್ಡವಳಾಗಿದ್ದಳು. ಕ್ಷಮಾದಾನ ಕೊಡಬಾರದು ಎಂದಳು. ಯಾರ ಮಾತು ಮೇಲು? ಇಬ್ಬರದೂ ಸರಿ. ಒಬ್ಬರ ಕ್ಷಮೆಯನ್ನು ತಂದು ಇನ್ನೊಬ್ಬರ ಗಾಯಕ್ಕೆ ಅಂಟಿಸಲು ಬರುವುದಿಲ್ಲ. ಕಡೆಗೆ ಅವನು ಅರ್ಜಿಯನ್ನು ಮುಂದುವರಿಸಲಿಲ್ಲ. ಹೀಗಿರುವಾಗ 'ಪ್ರೇಕ್ಷಕರು ಅವನನ್ನು ಕ್ಷಮಿಸಿದ್ದಾರೆ' ಎಂದು ನಾವು ಬರೆಯುತ್ತೇವಲ್ಲ, ಆ ವಾಕ್ಯಕ್ಕೆ ಅರ್ಥವೇ ಇಲ್ಲ. ನಮಗೇನೂ ಆಗಿಲ್ಲ, ನಾವು ಕ್ಷಮಿಸುವುದು ಏನನ್ನು?

ಶಿಕ್ಷೆಯನ್ನೇ ಪೂರೈಸದವರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ರೋಮನ್ ಪೊಲಾನ್‌ಸ್ಕಿ 1977ರಲ್ಲಿ ತಪ್ಪೊಪ್ಪಿಕೊಂಡು, 1978ರಲ್ಲಿ ಶಿಕ್ಷೆ ಪ್ರಕಟವಾಗುವ ಮೊದಲೇ ಅಮೆರಿಕ ಬಿಟ್ಟು ಓಡಿದ ನಿರ್ದೇಶಕ. 2003ರಲ್ಲಿ ಅವನ ಗೈರುಹಾಜರಿಯಲ್ಲೇ ಆಸ್ಕರ್ ಕೊಟ್ಟರು. ಅಲ್ಲಿ ಎರಡನೆಯದರ ಮಾತೇ ಬರುವುದಿಲ್ಲ, ಮೊದಲನೆಯ ಲೆಕ್ಕವೇ ಮುಗಿದಿಲ್ಲ.

ಆದರೆ ರಂಗವೇ ಆಯುಧವಾದಾಗ ಏನು ಮಾಡಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಗಾಯಕ ಆರ್. ಕೆಲ್ಲಿ 2021ರಲ್ಲಿ ಅಪರಾಧಿ ಎಂದು ಸಾಬೀತಾಗಿ, ಮರುವರ್ಷ 30 ವರ್ಷದ ಶಿಕ್ಷೆಗೆ ಒಳಗಾದ. ಕೀರ್ತಿ, ಕಛೇರಿ, ಸುತ್ತಲಿನ ಸಿಬ್ಬಂದಿ, ಎಲ್ಲವೂ ಹುಡುಗಿಯರನ್ನು ಹಿಡಿಯುವ ಬಲೆಯಾಗಿದ್ದವು ಎಂಬುದು ಆ ವಿಚಾರಣೆಯಲ್ಲಿ ಹೊರಬಂತು. ಅಂಥವನಿಗೆ ಮತ್ತೆ ಮೈಕು ಕೊಡುವುದೆಂದರೆ ಬಲೆಯನ್ನು ಹೊಲಿದು ಕೈಗಿಡುವುದು. ಬದುಕಲು ಕೆಲಸ ಬೇಕು, ನಿಜ. ಬೇರೆ ಕೆಲಸ ಮಾಡಲಿ. ಮಕ್ಕಳ ಶಿಬಿರದಲ್ಲಿ ಕೈ ತಪ್ಪಾಗಿ ಚಾಚಿದ ಗುರುವಿಗೆ ಮತ್ತೆ ಮಕ್ಕಳ ಶಿಬಿರ ಕೊಡುವುದನ್ನು ಎರಡನೇ ಅವಕಾಶ ಎಂದು ಕರೆಯಬೇಡಿ. ಇದನ್ನು ನಾನು ಮೆದುವಾಗಿ ಹೇಳಲಾರೆ.

ಈ ಮಾತು ಬಂದಾಗಲೆಲ್ಲ ಅಂಗುಲಿಮಾಲನನ್ನು ನೆನೆಯುತ್ತೇವೆ. ಕೊಲೆಗಡುಕ ಬುದ್ಧನ ಎದುರು ಕತ್ತಿ ಕೆಳಗಿಟ್ಟ, ಭಿಕ್ಷುವಾದ. ಅಲ್ಲಿಗೆ ಕಥೆ ನಿಲ್ಲಿಸುತ್ತೇವೆ. ಪಾಲಿ ಭಾಷೆಯ ಬೌದ್ಧ ಸುತ್ತದಲ್ಲಿ, ಅಂದರೆ ಬುದ್ಧನ ಉಪದೇಶದ ಗ್ರಂಥದಲ್ಲಿ, ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಭಿಕ್ಷುವಾದ ಮೇಲೆ ಅವನು ಅದೇ ಶ್ರಾವಸ್ತಿಯ ಬೀದಿಗಳಲ್ಲಿ ಪಾತ್ರೆ ಹಿಡಿದು ಹೋಗಬೇಕಾಯಿತು. ನೋಡಿ, ಭಿಕ್ಷುವಿನದೂ ನಟನಂತೆಯೇ, ಜನರ ಕಣ್ಣೆದುರು ನಿಲ್ಲಬೇಕಾದ ಬದುಕು. ಒಂದು ದಿನ ಕಲ್ಲು, ಕೋಲು ಬಿದ್ದವು. ತಲೆ ಒಡೆದು, ಪಾತ್ರೆ ಚೂರಾಗಿ, ಬಟ್ಟೆ ಹರಿದು ಮರಳಿ ಬಂದ. ಬುದ್ಧ ಊರಿಗೆ ಹೋಗಿ 'ಇವನು ಬದಲಾಗಿದ್ದಾನೆ, ಕಲ್ಲೆಸೆಯಬೇಡಿ' ಎಂದು ಬುದ್ಧಿ ಹೇಳಲಿಲ್ಲ. ಸಹಿಸಿಕೋ ಎಂದು ಅವನಿಗೇ ಹೇಳಿದ. ಸಂಘದಿಂದ ಹೊರಗೂ ಹಾಕಲಿಲ್ಲ. ಇಷ್ಟೇ ಅಲ್ಲ, ಇವನನ್ನು ಕಂಡು ಜನ ಹೆದರಿ ದೂರಿದ್ದರಿಂದ, ಇನ್ನು ಮುಂದೆ ಹೀಗೆ ಹೆಸರಾದ ದರೋಡೆಕೋರರಿಗೆ ದೀಕ್ಷೆ ಕೊಡಬಾರದು ಎಂಬ ನಿಯಮ ಬಂತೆಂದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕ ಹೇಳುತ್ತದೆ. ಒಬ್ಬನನ್ನು ಒಳಗೆ ಉಳಿಸಿಕೊಂಡೂ ಊರಿನವರ ಭಯ ಸುಳ್ಳಲ್ಲ ಎಂದು ಒಪ್ಪುವುದು. ಎರಡನ್ನೂ ಒಟ್ಟಿಗೆ ಹಿಡಿದ ಆ ಕೈ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಅಪಾಯವಿದೆ. ಅಪರಾಧವನ್ನೇ ಸರಕು ಮಾಡುವುದು. ಲೆಡ್‌ಬೆಲ್ಲಿ ಎಂಬ ಕಪ್ಪು ಹಾಡುಗಾರ ಎರಡು ರಾಜ್ಯಗಳ ಜೈಲುಗಳಲ್ಲಿದ್ದು 1934ರಲ್ಲಿ ಹೊರಬಂದ. ಅದ್ಭುತ ದನಿ, ತಲೆಯ ತುಂಬ ಹಾಡು. ಆದರೆ ಮರುವರ್ಷ ಸುದ್ದಿಚಿತ್ರ ಅವನನ್ನು ಮತ್ತೆ ಕೈದಿಯ ವೇಷದಲ್ಲೇ ತೋರಿಸಿತು. ಪತ್ರಿಕೆಗಳಿಗೆ ಹಾಡಿಗಿಂತ ಕೊಲೆಯೇ ರುಚಿಸಿತು. ಜೈಲಿನಿಂದ ಬಂದವನನ್ನು ಜೈಲಿನ ಬಟ್ಟೆಯಲ್ಲೇ ಕುಣಿಸಿದರೆ ಅವನು ಹೊರಬಂದದ್ದು ಎಲ್ಲಿಗೆ?

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ನಮ್ಮ ತಂಡಕ್ಕೆ ಒಮ್ಮೆ ತಾಳವಾದ್ಯ ನುಡಿಸುವವನೊಬ್ಬ ಕೆಲಸ ಕೇಳಿಕೊಂಡು ಬಂದ. ಹೊಡೆದಾಟವೊಂದರಲ್ಲಿ ಒಬ್ಬನ ಜೀವ ತೆಗೆದು ಶಿಕ್ಷೆ ಮುಗಿಸಿದ್ದವನು. ಬಂದವನೇ ಅದನ್ನು ಮೊದಲು ಹೇಳಿದ, ಆಮೇಲೆ ನುಡಿಸಿದ. ಕೈ ಚೆನ್ನಾಗಿತ್ತು. ನಾನು ಯೋಚಿಸಿ ಹೇಳುತ್ತೇನೆ ಎಂದು ಕಳಿಸಿಬಿಟ್ಟೆ. ಎಂಟು ತಿಂಗಳು ಯೋಚಿಸಿದೆ, ಅಂದರೆ ಹೇಡಿಯಂತೆ ಸುಮ್ಮನಿದ್ದೆ. ಅಷ್ಟು ದಿನ ಅವನು ಹೇಗೆ ಬದುಕಿದ ಎಂದು ನಾನು ಕೇಳಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಕಡೆಗೆ ತಂಡದವರನ್ನೆಲ್ಲ ಕೂರಿಸಿ ಕೇಳಿದೆ. ನಮ್ಮಲ್ಲಿದ್ದ ಒಬ್ಬ ನಟಿಯ ಅಣ್ಣ ಬೇರೊಂದು ಗಲಾಟೆಯಲ್ಲಿ ಕೊಲೆಯಾಗಿದ್ದ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಅವಳು ಬೇಡ ಅನ್ನಲಿಲ್ಲ. ಬರಲಿ, ನುಡಿಸಲಿ ಎಂದಳು. ಅವನೊಬ್ಬನೇ ಇರುವ ಕೋಣೆಗೆ ನನ್ನನ್ನು ಕಳಿಸಬೇಡಿ, ಅವನ ಕಥೆಯನ್ನು ಎಲ್ಲಿಯೂ ಅಚ್ಚು ಹಾಕಿಸಬೇಡಿ ಎಂದಳು. 'ಅವನ ಕೈಗೆ ಚಪ್ಪಾಳೆ ಬಂದರೆ ಬರಲಿ. ಅವನ ಕಥೆಗೆ ಬಂದರೆ ನನಗೆ ಕೂತು ಕೇಳಲಿಕ್ಕಾಗುವುದಿಲ್ಲ.' ಮುಂದೆ ಪತ್ರಿಕೆಯವರೊಬ್ಬರು ಹೇಗೋ ವಿಷಯ ತಿಳಿದು, ಜೈಲಿನಿಂದ ರಂಗಕ್ಕೆ ಎಂದು ಬರೆಯುತ್ತೇವೆ, ತಂಡಕ್ಕೂ ಹೆಸರು ಬರುತ್ತದೆ ಎಂದರು. ಆ ವರ್ಷ ನಮಗೆ ಹೆಸರಿನ ಅಗತ್ಯವೂ ಇತ್ತು. ಅವಳ ಮಾತು ನೆನಪಿಟ್ಟುಕೊಂಡು ಬೇಡ ಎಂದೆವು. ಕರಪತ್ರದಲ್ಲಿ ಅವನ ಹೆಸರು ಉಳಿದವರ ಹೆಸರಿನ ಅಳತೆಯಲ್ಲೇ ಇರುತ್ತಿತ್ತು.

ಹನ್ನೊಂದು ವರ್ಷ ನಮ್ಮ ಜೊತೆಗಿದ್ದ. ಅವಳೂ ಇದ್ದಳು. ಅವರಿಬ್ಬರೂ ಸ್ನೇಹಿತರಾಗಲಿಲ್ಲ. ಅವನು ಹಾಕಿದ ಲಯಕ್ಕೆ ಅವಳು ಹೆಜ್ಜೆ ಹಾಕುತ್ತಿದ್ದಳು, ಆಟ ಮುಗಿದ ಮೇಲೆ ಬೇರೆ ಬೇರೆ ಮೂಲೆಯಲ್ಲಿ ಕೂತು ಊಟ ಮಾಡುತ್ತಿದ್ದರು. ಅದನ್ನು ಸರಿಮಾಡಲು ನಾನು ಹೋಗಲಿಲ್ಲ.

ತಿರುಗಾಟದಲ್ಲಿ ಒಂದು ಊರಿಗೆ ಮಾತ್ರ ಅವನು ಬರುತ್ತಿರಲಿಲ್ಲ. ಸತ್ತವನ ತಾಯಿ ಇದ್ದ ಊರು ಅದು. ಬರಬೇಡ ಎಂದು ನಾವು ಯಾರೂ ಹೇಳಿರಲಿಲ್ಲ. ಆ ಊರಿನ ಆಟಕ್ಕೆ ಬೇರೆಯವನೊಬ್ಬನಿಗೆ ತಿಂಗಳ ಮೊದಲಿನಿಂದ ತಾನೇ ಕೂತು ಎಲ್ಲ ಪಟ್ಟುಗಳನ್ನೂ ಕಲಿಸುತ್ತಿದ್ದ. ಹೊರಡುವ ದಿನ ಚರ್ಮ ಬಿಗಿದು, ಶ್ರುತಿ ಕೂಡಿಸಿ, ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ ಗಾಡಿಗೆ ಹತ್ತಿಸುತ್ತಿದ್ದ. ಆಮೇಲೆ ಹಿಂದೆ ಸರಿದು, ಗಾಡಿ ತಿರುವು ದಾಟುವವರೆಗೂ ರಸ್ತೆಯ ಬದಿಯಲ್ಲೇ ನಿಂತಿರುತ್ತಿದ್ದ.